ಕೊಂಡವನ ಕೈಗೇ ಬಿದ್ದ ಬೀಗ

ಕಳೆದ ಮಳೆಗಾಲದಲ್ಲಿ ಸಿದ್ದಾಪುರದ ನಮ್ಮ ಅಕ್ಕನ ಮನೆಯ ಅಟ್ಟ ಸೋರಿತು. ಸಾಮಾನು ಕೆಳಗಿಳಿಸುವಾಗ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಒಂದು ಸಿ.ಡಿ., ಒಂದು ಸಣ್ಣ ಪುಸ್ತಕ, ಪುಸ್ತಕದ ಬೆನ್ನಿಗೆ ಅಂಟಿಸಿದ ಉದ್ದನೆಯ ಸಂಖ್ಯೆ. ಅಕ್ಕನ ಮಗ ಅದನ್ನು ಕಂಡು ನಕ್ಕ. ಆ ನಗುವಿನಲ್ಲಿ ಹಳೆಯ ಸಿಟ್ಟು ಇನ್ನೂ ಆರಿರಲಿಲ್ಲ.

ಅದು 2008ರ ಮಾತು. ಅವನು ಆಗ ಶಿರಸಿಯಲ್ಲಿ ಕಾಲೇಜು ಓದುತ್ತಿದ್ದ. ಕಂಪ್ಯೂಟರ್ ಆಟದ ಹುಚ್ಚು. ಅದರಲ್ಲೂ ಪಾತ್ರಧಾರಿ ಆಟಗಳೆಂದರೆ ಪ್ರಾಣ. ಆಡುವವನೇ ಒಂದು ಪಾತ್ರವಾಗಿ ಕಾಡು, ಕೋಟೆ, ಗುಹೆಗಳನ್ನು ಸುತ್ತುವುದು, ಸಿಕ್ಕವರೊಡನೆ ಮಾತಾಡುವುದು, ಕಾದಾಡುವುದು, ತನ್ನ ಕಥೆಯನ್ನು ತಾನೇ ಮುಂದಕ್ಕೆ ಒಯ್ಯುವುದು ಈ ಆಟಗಳ ರೀತಿ. ಅಮೀರ್ ಹಂಜಾನ ದಾಸ್ತಾನ್ ಕೇಳಿ ಬೆಳೆದ ನಮಗೆ ಇದರ ಮೋಡಿ ಅರ್ಥವಾಗದ್ದೇನಲ್ಲ. ಒಂದು ಆಟ ಗೆದ್ದರೆ ಕಂಪನಿಯವರು ಅದಕ್ಕೆ ಬಾಲದಂತೆ ಇನ್ನೊಂದು ಕಥೆಯನ್ನು ಮಾರುತ್ತಾರೆ. ಅದನ್ನು ವಿಸ್ತರಣೆ ಎನ್ನುತ್ತಾರೆ. ನಮ್ಮ ಹುಡುಗ ರಾತ್ರಿ ನಿದ್ದೆಗೆಟ್ಟು ಅಡಿಕೆ ಸುಲಿದು, ಆ ಕೂಲಿ ಕೂಡಿಟ್ಟು, ಹುಬ್ಬಳ್ಳಿಗೆ ಹೋಗಿ ಕೊಂಡು ತಂದದ್ದು ಅಂಥದ್ದೊಂದು ವಿಸ್ತರಣೆ. ಯಾವ ಆಟ ಎಂಬುದು ಇಲ್ಲಿ ಮುಖ್ಯವಲ್ಲ.

ಸಿ.ಡಿ. ಹಾಕಿದರೆ 'ಮೂಲ ಸಿ.ಡಿ. ಹಾಕಿ' ಎಂಬ ಆಜ್ಞೆ ಬರುತ್ತಿತ್ತು. ಹಾಕಿದ್ದೇ ಮೂಲ ಸಿ.ಡಿ.! ಹತ್ತು ಸಲ ತೆಗೆದು, ಒರೆಸಿ, ಹಾಕಿದರೆ ಒಮ್ಮೆ ಗುರುತಿಸುತ್ತಿತ್ತು. ಆಟ ಶುರುವಾದರೆ ಒಂದು ಗುಹೆಯ ಬಾಗಿಲಲ್ಲಿ ಕಂಪ್ಯೂಟರ್ ಸ್ತಬ್ಧ. ಉಳಿಸಿಟ್ಟ ಆಟ ಮರಳಿ ತೆರೆಯುತ್ತಿರಲಿಲ್ಲ. ದೋಷ ಸರಿಪಡಿಸುವ ತೇಪೆಯನ್ನು, ಪ್ಯಾಚ್ ಎನ್ನುತ್ತಾರಲ್ಲ ಅದನ್ನು, ಇಂಟರ್‌ನೆಟ್‌ನಲ್ಲಿ ಇಳಿಸಿಕೊಳ್ಳಬೇಕು. ಶಿರಸಿಯ ಸೈಬರ್ ಸೆಂಟರ್‌ನಲ್ಲಿ ಅದು ಮುಕ್ಕಾಲು ಇಳಿಯುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಮೂರು ಸಲ ಅಲೆದು ತಂದು ತೇಪೆ ಹಾಕಿದರೆ ಗುಹೆಯ ಬಾಗಿಲೇನೋ ತೆರೆಯಿತು, ಸಿ.ಡಿ.ಯ ಗುರುತು ಮತ್ತೆ ಮರೆತುಹೋಯಿತು.

ಯಲ್ಲಾಪುರದ ಅವನ ಗೆಳೆಯ ಅದೇ ಆಟದ ಕಳ್ಳಪ್ರತಿಯನ್ನು ಪುಡಿಗಾಸಿಗೆ ತಂದಿದ್ದ. ಗುಹೆಯ ದೋಷ ಅವನಿಗೂ ಇತ್ತು. ಆದರೆ ಬೀಗ ಇರಲಿಲ್ಲ. ಆಟ ಮುಗಿಸಿ ಅಂತ್ಯವನ್ನೂ ಹೇಳಿಬಿಟ್ಟ.

'ಮಾಮೂ, ದುಡ್ಡು ಕೊಟ್ಟು ತಂದವನು ನಾನು. ಕಳ್ಳನ ಹಾಗೆ ತಪಾಸಣೆ ಮಾಡೋದೂ ನನ್ನನ್ನೇ. ಇದ್ಯಾವ ನ್ಯಾಯ?' ಎಂದು ಅವನು ಅಂದು ಕೇಳಿದ್ದ. ನಮಗೆ ಆ ಪ್ರಶ್ನೆ ಹೊಸದಾಗಿರಲಿಲ್ಲ. ಅದಕ್ಕೆ ಏಳೆಂಟು ವರ್ಷ ಮೊದಲು ನಾವೂ ಅಂಥದೇ ಒಂದು ಬೀಗದ ಮುಂದೆ ನಿಂತಿದ್ದೆವು. ಆ ಕಥೆಗೆ ಮುನ್ನ ಈ ಬೀಗಗಳ ಚರಿತ್ರೆಯನ್ನು ಕೊಂಚ ನೋಡೋಣ.

ಕಂಪ್ಯೂಟರ್ ಆಟಗಳು ಮಾರಾಟಕ್ಕೆ ಬಂದ ಕಾಲದಿಂದಲೂ ನಕಲಿನ ಭಯ ಇದ್ದೇ ಇದೆ. 1985ರಲ್ಲಿ ಇಂಗ್ಲೆಂಡಿನಲ್ಲಿ 'ಎಲೀಟ್' ಎಂಬ ಆಟದ ಒಂದು ಆವೃತ್ತಿಯ ಜೊತೆ 'ಲೆನ್ಸ್‌ಲಾಕ್' ಎಂಬ ಪ್ಲಾಸ್ಟಿಕ್ ಮಸೂರ ಕೊಟ್ಟರು. ತೆರೆಯ ಮೇಲೆ ಚೂರುಚೂರಾಗಿ ಕಾಣುವ ಅಕ್ಷರಗಳನ್ನು ಅದರ ಮೂಲಕ ನೋಡಿ ಓದಿ ಒತ್ತಬೇಕು. ಟಿ.ವಿ. ತೀರ ದೊಡ್ಡದಾದರೂ ಕಷ್ಟ, ತೀರ ಚಿಕ್ಕದಾದರೂ ಕಷ್ಟ. ಕೆಲವು ಪೆಟ್ಟಿಗೆಗಳಲ್ಲಿ ಬೇರೆ ಆಟದ ಮಸೂರ ಸೇರಿಹೋಗಿ, ಕೊಂಡವರು ಆಡಲಾಗದೆ ಕೂತರು. 1988ರ 'ಪೂಲ್ ಆಫ್ ರೇಡಿಯನ್ಸ್' ಎಂಬ ಪಾತ್ರಧಾರಿ ಆಟದಲ್ಲಿ ಒಂದರ ಮೇಲೊಂದು ತಿರುಗುವ ರಟ್ಟಿನ ಚಕ್ರವಿತ್ತು. ಕಾಲ್ಪನಿಕ ಲಿಪಿಯ ಅಕ್ಷರಗಳನ್ನು ಹೊಂದಿಸಿದರೆ ಉತ್ತರ ಸಿಗುತ್ತಿತ್ತು. ಚಕ್ರ ಕಳೆದರೆ ಆಟವೂ ಕಳೆಯಿತು.

ಸಿ.ಡಿ.ಗಳು ಬಂದಮೇಲೆ ಬೀಗ ಕಣ್ಣಿಗೆ ಕಾಣದಂತಾಯಿತು. 'ಸೇಫ್‌ಡಿಸ್ಕ್', 'ಸೆಕ್ಯುರಾಮ್', 'ಸ್ಟಾರ್‌ಫೋರ್ಸ್' ಎಂಬ ಹೆಸರಿನ ಕಾವಲುಗಾರರು ಆಟದ ಜೊತೆ ಕಂಪ್ಯೂಟರಿನೊಳಕ್ಕೆ ನುಗ್ಗಿ ಕೂತರು. 2008ರ ಸೆಪ್ಟೆಂಬರ್‌ನಲ್ಲಿ ಬಂದ 'ಸ್ಪೋರ್' ಆಟವನ್ನು ಕೊಂಡವನು ಮೂರೇ ಸಲ ನೋಂದಾಯಿಸಿಕೊಳ್ಳಬಹುದಿತ್ತು. ಅಮೆಜಾನ್ ತಾಣದಲ್ಲಿ ಸಾವಿರಾರು ಜನ ಅದಕ್ಕೆ ಒಂದೇ ನಕ್ಷತ್ರ ಕೊಟ್ಟು ಸಿಟ್ಟು ತೀರಿಸಿಕೊಂಡರು. ಕಂಪನಿ ಮೂರನ್ನು ಐದಕ್ಕೆ ಏರಿಸಿತು. ಇಷ್ಟೆಲ್ಲ ಬೀಗ ಹಾಕಿದ ಆ ಆಟವೇ ಆ ವರ್ಷ ಅತಿ ಹೆಚ್ಚು ಕದ್ದು ಇಳಿಸಿಕೊಂಡ ಆಟಗಳ ಸಾಲಿನಲ್ಲಿ ಮುಂದಿತ್ತು. 2015ರಲ್ಲಿ ಮೈಕ್ರೋಸಾಫ್ಟ್ ಹೊಸ ವಿಂಡೋಸ್‌ನಿಂದ ಸೇಫ್‌ಡಿಸ್ಕ್ ಕಾವಲುಗಾರನನ್ನು ಭದ್ರತೆಯ ಕಾರಣ ಕೊಟ್ಟು ಹೊರಹಾಕಿತು. ಅಂದಿನಿಂದ ಆ ಬೀಗದ ಎಷ್ಟೋ ಸಿ.ಡಿ.ಗಳು ಹೊಸ ಕಂಪ್ಯೂಟರುಗಳಲ್ಲಿ ಬರೀ ತಟ್ಟೆಗಳು.

ದೋಷಗಳ ಕಥೆ ಇನ್ನೊಂದು. ಜರ್ಮನಿಯ ಪಿರಾನ್ಹಾ ಬೈಟ್ಸ್ ಎಂಬ ಸಣ್ಣ ತಂಡ ಮಾಡಿದ 'ಗೋಥಿಕ್ 3' 2006ರಲ್ಲಿ ಅರೆಬೆಂದ ಸ್ಥಿತಿಯಲ್ಲೇ ಅಂಗಡಿಗೆ ಬಂತು. ಅದರ ವಿಸ್ತರಣೆ 'ಫಾರ್‌ಸೇಕನ್ ಗಾಡ್ಸ್' ಮಾಡುವ ಕೆಲಸವನ್ನು ಆಸ್ಟ್ರಿಯಾದ ಪ್ರಕಾಶಕ ಜೋವುಡ್ ಕಂಪನಿ ನಮ್ಮ ಮುಂಬೈಯ ಟ್ರೈನ್ ಗೇಮ್ಸ್‌ಗೆ ಕೊಟ್ಟಿತು. 2008ರ ನವೆಂಬರ್‌ನಲ್ಲಿ ಅದು ಹೊರಬಂದಾಗ ಯುರೋಪಿನ ಆಟಗಾರರು ತಲೆ ಚಚ್ಚಿಕೊಂಡರು. ದೋಷಗಳ ಮೇಲೆ ದೋಷ. ಭಾರತದ ಹುಡುಗರು ಯುರೋಪಿನ ಹೆಸರಾಂತ ಆಟವೊಂದಕ್ಕೆ ಕೈ ಹಚ್ಚಿದ್ದು ಹೆಮ್ಮೆಯ ಸುದ್ದಿಯಾಗಬೇಕಿತ್ತು, ಆಗಲಿಲ್ಲ. ಅವಸರದ ಗಡುವು ಇಟ್ಟು ಹಸಿ ಅಡಿಕೆಯನ್ನೇ ಮೂಟೆ ಕಟ್ಟಿದರೆ ಬೂಷ್ಟು ಹಿಡಿಯದೆ ಇರುತ್ತದೆಯೇ? 2011ರಲ್ಲಿ ತಿದ್ದಿದ ಆವೃತ್ತಿ ಬಂತು. ಅದೇ ವರ್ಷ ಜೋವುಡ್ ದಿವಾಳಿಯಾಯಿತು. ಇತ್ತ ಮೂಲ 'ಗೋಥಿಕ್ 3' ಆಟವನ್ನು ರಿಪೇರಿ ಮಾಡಿದ್ದು ಯಾರು ಗೊತ್ತೆ? ಆಟಗಾರರದೇ ಒಂದು ಗುಂಪು. ವರ್ಷಗಟ್ಟಲೆ ಸಂಬಳವಿಲ್ಲದೆ ಕೂತು ತೇಪೆ ಹಚ್ಚಿ ಅದನ್ನು ಆಡುವಂತೆ ಮಾಡಿದರು.

ಇಲ್ಲೊಂದು ಮಾತು ಗಮನಿಸಬೇಕು. ಬೀಗವೂ ದೋಷವೂ ಬೇರೆ ಬೇರೆಯಂತೆ ಕಂಡರೂ ಎರಡರ ಬೇರು ಒಂದೇ. ಕೊಂಡುಕೊಂಡವನನ್ನು ನಂಬದಿರುವುದು ಬೀಗ. ಕೊಂಡುಕೊಂಡವನ ಬಗ್ಗೆ ಕಾಳಜಿ ಇಲ್ಲದಿರುವುದು ದೋಷ. ಎರಡೂ ಸೇರಿದಾಗ ಅವನು ಕಟ್ಟಿದ ಹಣಕ್ಕೆ ಸಿಗುವುದು ಅನುಮಾನ ಮಾತ್ರ.

ಈಗ ನಮ್ಮ ಕಥೆಗೆ ಬರೋಣ. ಆಟ ಕೈಕೊಟ್ಟರೆ ಒಬ್ಬ ಹುಡುಗನ ಸಂಜೆ ಹಾಳು. ಅಕ್ಷರ ಕೈಕೊಟ್ಟರೆ?

1990ರ ದಶಕದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಪೇಟೆಗಳಿಗೆ ಒಂದೊಂದಾಗಿ ಡಿ.ಟಿ.ಪಿ. ಸೆಂಟರ್‌ಗಳು ಬಂದವು. ಯಕ್ಷಗಾನದ ಪೋಸ್ಟರು, ಸೊಸೈಟಿಯ ವಾರ್ಷಿಕ ವರದಿ, ಉರುಸಿನ ಕರಪತ್ರ, ನಿಕಾಹದ ಕಾರ್ಡು ಎಲ್ಲವೂ ಅಲ್ಲೇ. ಕನ್ನಡ ಟೈಪ್ ಮಾಡಲು ಆಗ ಆಕೃತಿ, ಶ್ರೀಲಿಪಿ, ಪ್ರಕಾಶಕ್ ಮುಂತಾದ ತಂತ್ರಾಂಶಗಳಿದ್ದವು. ಆ ಕಾಲದಲ್ಲಿ ಇಂಥ ತಂತ್ರಾಂಶಗಳ ಜೊತೆ ಹೆಬ್ಬೆರಳಿನಷ್ಟು ದೊಡ್ಡ ಒಂದು ಬೀಗ ಬರುವುದು ವಾಡಿಕೆ. ಡಾಂಗಲ್ ಎಂದು ಅದರ ಹೆಸರು, ಸೆಂಟರಿನವರ ಬಾಯಲ್ಲಿ ಬರೀ 'ಲಾಕು'. ಅದನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿ, ಅದರ ಬೆನ್ನಿಗೆ ಪ್ರಿಂಟರಿನ ವಯರು ಸಿಕ್ಕಿಸಬೇಕು. ಲಾಕು ಇಲ್ಲದಿದ್ದರೆ ಕನ್ನಡ ಇಲ್ಲ. ಭುವನೇಶ್ವರಿಯ ಗುಡಿ ಇರುವ ಭುವನಗಿರಿ ಇದೇ ಸಿದ್ದಾಪುರ ತಾಲ್ಲೂಕಿನಲ್ಲಿದೆ. ಆ ತಾಲ್ಲೂಕಿನಲ್ಲೂ ಕನ್ನಡದ ಒಂದು ಪುಟ ಹೊರಬರಬೇಕಾದರೆ ಆ ಪ್ಲಾಸ್ಟಿಕ್ ತುಂಡಿನ ಅಪ್ಪಣೆ ಬೇಕಿತ್ತು.

ಇದರ ಹಿಂದೆ ಇನ್ನೊಂದು ಬೀಗವಿತ್ತು. ಪ್ರತಿ ಕಂಪನಿಯೂ ಕನ್ನಡ ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ತನಗೆ ತೋಚಿದಂತೆ ಕೂರಿಸಿತ್ತು. ಒಂದರಲ್ಲಿ ಟೈಪ್ ಮಾಡಿದ್ದನ್ನು ಇನ್ನೊಂದರಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಗೀಚು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಸಂಕೇತ ಇರಲೆಂದು 1991ರಲ್ಲೇ ಸರ್ಕಾರದ ಮಾನಕ ಬಂದಿತ್ತು. ಅದೇ ವರ್ಷ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಡಿ.ಟಿ.ಪಿ. ಲೋಕಕ್ಕೆ ಅದು ಬಂದು ಮುಟ್ಟಲು ಇಪ್ಪತ್ತು ವರ್ಷವೇ ಹಿಡಿಯಿತು.

2001ರಲ್ಲಿ ನಾವು ಬರೆದ ಹನ್ನೊಂದು ಕಥೆಗಳನ್ನು ಶಿರಸಿಯ ಒಂದು ಡಿ.ಟಿ.ಪಿ. ಸೆಂಟರಿನಲ್ಲಿ ಟೈಪ್ ಮಾಡಿಸಿದೆವು. ಸೆಂಟರಿನ ಭಟ್ಟರು ಸಾಲ ಮಾಡಿ ಅಸಲಿ ತಂತ್ರಾಂಶವನ್ನೇ ಕೊಂಡಿದ್ದರು. ಜೂನ್ ತಿಂಗಳ ಒಂದು ಸಂಜೆ ಸಿಡಿಲಿಗೆ ಅವರ ಲಾಕು ಸುಟ್ಟುಹೋಯಿತು. ಮಾರಿದವರನ್ನು ಕೇಳಿದರೆ ಹೊಸ ಲಾಕಿಗೆ ಹೊಸ ತಂತ್ರಾಂಶದ ಬೆಲೆಯನ್ನೇ ಹೇಳಿದರು. ಪಕ್ಕದ ಬೀದಿಯ ಅಂಗಡಿಯಲ್ಲಿ ಅದೇ ತಂತ್ರಾಂಶದ ಬೀಗ ಮುರಿದ ನಕಲು ಸಿಡಿಲು ಗುಡುಗಿಗೆ ಜಗ್ಗದೆ ನಡೆಯುತ್ತಿತ್ತು. ಭಟ್ಟರು ಎರಡು ತಿಂಗಳು ತಡೆದು ನೋಡಿದರು. ಗಣೇಶ ಚೌತಿಯ ಕೆಲಸ ಬಂದಾಗ ಆ ನಕಲನ್ನೇ ತಂದು ಹಾಕಿಕೊಂಡರು. 'ದುಡ್ಡು ಕೊಟ್ಟವನೂ ನಾನೇ, ಈಗ ಕದ್ದವನ ಹಾಗೆ ಆದವನೂ ನಾನೇ ನೋಡು ತಮ್ಮಾ' ಎಂದರು. ಆಮೇಲೆ ಆ ತಂತ್ರಾಂಶವೇ ಬಳಕೆಯಿಂದ ಹೋಯಿತು, ಸೆಂಟರೂ ಮುಚ್ಚಿತು. ನಮ್ಮಲ್ಲಿ ಉಳಿದದ್ದು ಒಂದು ಫ್ಲಾಪಿ. ಹನ್ನೊಂದರಲ್ಲಿ ನಾಲ್ಕು ಕಥೆಗಳು ಪತ್ರಿಕೆಗಳಲ್ಲಿ ಅಚ್ಚಾಗಿದ್ದವು. ಉಳಿದ ಏಳರ ಕೈಬರಹವನ್ನು, ಫ್ಲಾಪಿ ಇದೆಯಲ್ಲ ಎಂಬ ಧೈರ್ಯದಲ್ಲಿ, ನೀರು ಕಾಯಿಸುವ ಒಲೆಗೆ ಹಾಕಿದ್ದೆವು. ಮತ್ತೆ ಬರೆಯಲು ಕೂತೆವು, ಬರಲಿಲ್ಲ. ಒಮ್ಮೆ ಬರೆದ ಕಥೆ ಎರಡನೆಯ ಸಲ ಅದೇ ದಾರಿಯಲ್ಲಿ ಬರುವುದಿಲ್ಲ.

ನಮ್ಮ ಇನ್ನೊಂದು ಭಾಷೆಯ ಪಾಡೂ ಇದೇ. ಉರ್ದುವಿನ ನಸ್ತಾಲೀಖ್ ಬರಹ ಅಚ್ಚಿನ ಮೊಳೆಗೆ ಒಗ್ಗುವಂಥದ್ದಲ್ಲ. ಅದಕ್ಕೇ ಉರ್ದು ಪತ್ರಿಕೆಗಳು ಕಾತಿಬರ ಕೈಬರಹವನ್ನೇ ನಂಬಿದ್ದವು. ಚೆನ್ನೈಯ 'ಮುಸಲ್ಮಾನ್' ಪತ್ರಿಕೆ ದಶಕಗಟ್ಟಲೆ ಕೈಬರಹದಲ್ಲೇ ಹೊರಬಂತು. 1981ರಲ್ಲಿ ಮಿರ್ಜಾ ಅಹಮದ್ ಜಮೀಲ್ ಎಂಬ ಕಲಾವಿದರು ಸಾವಿರಾರು ಅಕ್ಷರಕೂಟಗಳನ್ನು ಬರೆದು 'ನೂರಿ ನಸ್ತಾಲೀಖ್' ರೂಪಿಸಿದರು. 1994ರಲ್ಲಿ ದೆಹಲಿಯಿಂದ 'ಇನ್‌ಪೇಜ್' ಬಂದಮೇಲೆ ಉರ್ದು ಪ್ರಕಟಣೆಯ ಮುಖವೇ ಬದಲಾಯಿತು. ಅದರ ಉಪಕಾರ ದೊಡ್ಡದು. ಆದರೆ ಅದರ ಹಳೆಯ ಆವೃತ್ತಿಗಳ ಬರಹವೂ ತನ್ನದೇ ಸಂಕೇತದೊಳಗೆ ಬಂದಿಯಾಗಿತ್ತು, ಹೊರಗೆ ತಂದರೆ ಓದಲು ಬಾರದು.

ಹಾಗಾದರೆ ಕಳ್ಳಪ್ರತಿಯೇ ಸರಿಯೆ? ಖಂಡಿತ ಅಲ್ಲ. ಪುಸ್ತಕವನ್ನು ಝೆರಾಕ್ಸ್ ಮಾಡಿ ಓದುವವರಿಂದ ಬರಹಗಾರರಾದ ನಮಗೂ ನಷ್ಟವಿದೆ. ಮಾಡಿದವನ ಕೂಲಿ ಅವನಿಗೆ ಸಲ್ಲಲೇಬೇಕು. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ ಅದನ್ನು ಕಾಯುತ್ತದೆ. ಅದೇ ಕಾಯ್ದೆಯ 52ನೆಯ ಕಲಮು, ಕಂಪ್ಯೂಟರ್ ಪ್ರೋಗ್ರಾಂ ಅನ್ನು ನ್ಯಾಯವಾಗಿ ಪಡೆದವನು ಅದು ಹಾಳಾದರೆ ಇರಲೆಂದು ಒಂದು ಪ್ರತಿ ಮಾಡಿಟ್ಟುಕೊಳ್ಳಬಹುದು ಎನ್ನುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮು, ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವನಿಗೆ ಎರಡು ವರ್ಷದವರೆಗೆ ಸಜೆ ಎನ್ನುತ್ತದೆ. ಕಾಯ್ದೆ ಪ್ರತಿ ಮಾಡಿಕೋ ಎಂದರೂ ಬೀಗ ಬಿಡುವುದಿಲ್ಲ. ಭಟ್ಟರಂಥವರು ಈ ಎರಡರ ನಡುವೆ ಸಿಕ್ಕಿದವರು. ಇಲಿ ಬಂತೆಂದು ಮನೆಗೇ ಬೆಂಕಿ ಹಚ್ಚಿದರೆ ಇಲಿ ಬಿಲ ಸೇರುತ್ತದೆ, ಬೀದಿಗೆ ಬೀಳುವವನು ಮನೆಯವನು.

ಬೇರೆ ದಾರಿ ಇಲ್ಲದೇ ಇರಲಿಲ್ಲ. ಕೆ.ಪಿ. ರಾವ್ ತಮ್ಮ 'ಸೇಡಿಯಾಪು' ತಂತ್ರಾಂಶವನ್ನು ಕನ್ನಡಿಗರಿಗೆ ಉಚಿತವಾಗಿ ಕೊಟ್ಟರು. ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಇಂದು ಲಕ್ಷಾಂತರ ಕನ್ನಡಿಗರ ಬೆರಳಲ್ಲಿದೆ. 1998ರಲ್ಲಿ ಶೇಷಾದ್ರಿವಾಸು ಅಮೆರಿಕದಲ್ಲಿ ಕುಳಿತು 'ಬರಹ'ವನ್ನು ಉಚಿತವಾಗಿ ಹಂಚಿದರು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಆಟಗಳ ಲೋಕದಲ್ಲೂ ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ಕಂಪನಿ 2008ರಲ್ಲಿ ತನ್ನ 'ವಿಚರ್' ಆಟವನ್ನು ತಿದ್ದಿ, ಮೊದಲು ಕೊಂಡವರಿಗೆಲ್ಲ ಹೊಸ ರೂಪವನ್ನು ಬಿಟ್ಟಿ ಕೊಟ್ಟಿತು. 2011ರಲ್ಲಿ ಅದರ ಎರಡನೆಯ ಭಾಗ ಬಂದ ಕೆಲವೇ ದಿನಗಳಲ್ಲಿ ಸಿ.ಡಿ.ಯ ಬೀಗವನ್ನು ತಾನೇ ತೆಗೆಯಿತು. ಆ ಕಂಪನಿ ಮುಳುಗಲಿಲ್ಲ, ಬೆಳೆಯಿತು. ನಂಬಿದವನನ್ನು ಜನ ನಂಬುತ್ತಾರೆ.

ಅಟ್ಟದಿಂದ ಇಳಿದ ಪೆಟ್ಟಿಗೆಯ ಜೊತೆ ಆ ದಿನ ನಮ್ಮ ಫ್ಲಾಪಿಯ ಮಾತೂ ಬಂತು. ಅಕ್ಕನ ಮಗ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಫ್ಲಾಪಿಯನ್ನು ಕೊಂಡೊಯ್ದ. ಹಳೆಯ ಯಂತ್ರ ಹುಡುಕಿ ಒಳಗಿದ್ದುದನ್ನು ಹೊರತೆಗೆದ. ಬಂದದ್ದು ಗೀಚು. 'ಮಾಮೂ, ಅಚ್ಚಾದ ನಾಲ್ಕು ಕಥೆ ಕಳಿಸಿ' ಎಂದ. ಅಚ್ಚಾದ ಸಾಲಿನ ಕೆಳಗೆ ಗೀಚಿನ ಸಾಲನ್ನಿಟ್ಟು, ಯಾವ ಗುರುತಿಗೆ ಯಾವ ಅಕ್ಷರ ಎಂದು ಪಟ್ಟಿ ಮಾಡುತ್ತ ಕೂತ. ರಜೆಯ ದಿನಗಳನ್ನೆಲ್ಲ ಅದಕ್ಕೇ ಹಾಕಿದ. ಈವರೆಗೆ ಮೂರು ಕಥೆಗಳು ಮರಳಿ ಬಂದಿವೆ. ಕೆಲವು ಒತ್ತಕ್ಷರಗಳು ಇನ್ನೂ ಖಾಲಿ, ನಾವು ನೆನಪಿನಿಂದ ತುಂಬುತ್ತಿದ್ದೇವೆ. ಫ್ಲಾಪಿಯ ಒಂದು ಭಾಗ ಬೂಷ್ಟು ಹಿಡಿದು ಹೋಗಿದೆ. ಅಲ್ಲಿದ್ದ ಕಥೆಗಳು ಸಿಗುವ ಆಸೆ ಇಲ್ಲ.

ಓದುಗರ ಮನೆಯಲ್ಲಿ, ಸಂಘದ ಕಪಾಟಿನಲ್ಲಿ, ಜಮಾತಿನ ಕಚೇರಿಯಲ್ಲಿ ಇಂಥ ಹಳೆಯ ಸಿ.ಡಿ., ಫ್ಲಾಪಿಗಳು ಇದ್ದೇ ಇರುತ್ತವೆ. ಅವುಗಳಲ್ಲಿ ಏನಿದೆ ಎಂದು ಈ ವರ್ಷವೇ ನೋಡಿ, ಯುನಿಕೋಡಿಗೆ ಬದಲಿಸಿಟ್ಟುಕೊಳ್ಳಿ. ಕೈಬರಹದ ಹಾಳೆಗಳನ್ನು ಮಾತ್ರ ಒಲೆಗೆ ಹಾಕಬೇಡಿ.