ಹಿತ್ತಿಲ ಹಾವು ಮತ್ತು ಶ್ರಾವಕನ ಎಚ್ಚರ

ಭಗವಾನ್ ಪಾರ್ಶ್ವನಾಥ ತೀರ್ಥಂಕರರ ಬಿಂಬವನ್ನು ಶಿರದ ಮೇಲಿನ ಸರ್ಪಫಣೆಗಳಿಂದಲೇ ಗುರುತಿಸಿ ಕೈಮುಗಿಯುವ ಸಮಾಜ ನಮ್ಮದು. ಆದರೂ ಹಿತ್ತಿಲಿನಲ್ಲಿ ಹಾವು ಕಂಡೊಡನೆ ದೊಣ್ಣೆಯನ್ನು ಅರಸುವವರು ನಮ್ಮಲ್ಲಿ ಇಲ್ಲದಿಲ್ಲ. ಮನೆಯಲ್ಲಿ ಆಡುವ ಮಕ್ಕಳಿದ್ದಾರೆ, ತೋಟದಲ್ಲಿ ಬರಿಗಾಲಿನಲ್ಲಿ ದುಡಿಯುವವರಿದ್ದಾರೆ. ಆದುದರಿಂದ ಈ ಭಯವನ್ನು ಹಗುರವಾಗಿ ಕಾಣುವುದು ಧರ್ಮವಲ್ಲ. ಆ ಭಯಕ್ಕೆ ಗೃಹಸ್ಥನು ಯಾವ ಉತ್ತರ ಕೊಡಬೇಕೆಂಬುದೇ ವಿಚಾರಣೀಯ.

ಪಾರ್ಶ್ವಕುಮಾರನ ಕಥೆ ಎಲ್ಲರಿಗೂ ತಿಳಿದದ್ದೇ. ಪಂಚಾಗ್ನಿಯ ನಡುವೆ ತಪವನ್ನಾಚರಿಸುತ್ತಿದ್ದ ತಾಪಸನು ಕಟ್ಟಿಗೆಯನ್ನು ಸೀಳಲು ಮುಂದಾದಾಗ, ಅದರೊಳಗೆ ಜೀವಗಳಿವೆಯೆಂದು ಕುಮಾರನು ಎಚ್ಚರಿಸಿದನು. ತಾಪಸನು ಕಿವಿಗೊಡಲಿಲ್ಲ, ಒಳಗಿದ್ದ ಸರ್ಪಯುಗಲವು ಮರಣಾಂತಿಕವಾಗಿ ಗಾಯಗೊಂಡಿತು. ಆ ಜೀವಗಳೇ ಮುಂದೆ ಧರಣೇಂದ್ರ ಪದ್ಮಾವತಿಯರಾಗಿ ಜನಿಸಿದವು. ತಾಪಸನಿಗೆ ಹಾವಿನ ಮೇಲೆ ಮೊದಲು ದ್ವೇಷವಿರಲಿಲ್ಲ. ನೋಡದೆ ಕೊಡಲಿಯೆತ್ತಿದ ಪ್ರಮಾದವೇ ಅವನ ಹಿಂಸೆಗೆ ಮೂಲವಾಯಿತು.

ಹಾಗೆಂದು ನಮ್ಮ ಪೂರ್ವಿಕರು ವಿಷದ ಅಪಾಯವನ್ನು ಮರೆತವರಲ್ಲ. 14ನೆಯ ಶತಮಾನದ ಜೈನಕವಿ ಮಂಗರಾಜನು ವಿಷವೈದ್ಯಕ್ಕಾಗಿಯೇ ‘ಖಗೇಂದ್ರಮಣಿದರ್ಪಣ’ವೆಂಬ ಕನ್ನಡ ಗ್ರಂಥವನ್ನು ರಚಿಸಿದನು. ಅಂದಿನ ಔಷಧಗಳನ್ನು ಇಂದು ಹಾವಿನ ಕಡಿತಕ್ಕೆ ನೆಚ್ಚುವಂತಿಲ್ಲ. ಆದರೆ ವಿಷಕ್ಕೆ ಮದ್ದನ್ನು ಅರಸಿದ ಅವನ ಕರುಣೆ ಅನುಕರಣೀಯ.

ಆಂಗ್ಲರ ಆಳ್ವಿಕೆಯಲ್ಲಿ ಬೇರೊಂದು ಮಾರ್ಗವನ್ನು ಪರೀಕ್ಷಿಸಲಾಯಿತು. ಸತ್ತ ಹಾವಿಗೆ ಸರ್ಕಾರವು ಬಹುಮಾನ ಕೊಡತೊಡಗಿತು. 1862ರಲ್ಲಿ ಕೊಂಕಣದ ರತ್ನಗಿರಿ ಜಿಲ್ಲೆಯೊಂದರಲ್ಲಿಯೇ ಕೆಲವೇ ದಿನಗಳಲ್ಲಿ ಒಂದು ಲಕ್ಷಕ್ಕೂ ಮೀರಿ ಹಾವುಗಳು ಹತವಾದವು. ಆದರೂ ಆ ಪ್ರದೇಶದಿಂದ ಗರಗಸಮಂಡಲ ಅಳಿಯಲಿಲ್ಲ. ಇಲಿ, ಕಪ್ಪೆ, ಅಡಗುತಾಣಗಳು ಇರುವವರೆಗೆ ತೆರವಾದ ಜಾಗಕ್ಕೆ ಮತ್ತೊಂದು ಹಾವು ಬರುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ದೃಷ್ಟಿ ಬದಲಾಯಿತು. ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ತಮಿಳುನಾಡಿನ ಇರುಳರು 1978ರಲ್ಲಿ ಸಹಕಾರ ಸಂಘವನ್ನು ಕಟ್ಟಿಕೊಂಡು, ವಿಷವನ್ನು ಮಾತ್ರ ತೆಗೆದು ಹಾವನ್ನು ಮರಳಿ ಬಿಡುವ ವೃತ್ತಿಗೆ ತಿರುಗಿದರು. ಪ್ರತಿವಿಷದ ತಯಾರಿಕೆಗೆ ಆ ವಿಷವೇ ಆಧಾರ.

ಆದರೂ ದುಃಖ ದೊಡ್ಡದು. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನರು ಹಾವಿನ ಕಡಿತದಿಂದ ಮೃತರಾದರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಅವರಲ್ಲಿ ಬಹುಪಾಲು ಹಳ್ಳಿಗರು. ಅರ್ಧದಷ್ಟು ಸಾವುಗಳು ಮಳೆಗಾಲದವು. 2024ರಲ್ಲಿ ಕರ್ನಾಟಕವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಘೋಷಿಸಿತು.

ಶ್ರಾವಕನಿಗೆ ವಿರೋಧೀ ಹಿಂಸೆ ಪೂರ್ಣವಾಗಿ ತಪ್ಪದೆಂದು ಆಚಾರ್ಯರು ಒಪ್ಪಿದ್ದಾರೆ. ಆದರೆ ಬೇಲಿಯತ್ತ ಸರಿದುಹೋಗುತ್ತಿರುವ ಕೇರೆಹಾವನ್ನು ಅಟ್ಟಿ ಹೊಡೆಯುವುದು ಆತ್ಮರಕ್ಷಣೆಯಲ್ಲ, ಸಂಕಲ್ಪೀ ಹಿಂಸೆಯೇ. ಅಂತೆಯೇ, ಕೊಲ್ಲಲಿಲ್ಲವೆಂಬ ಸಮಾಧಾನದಿಂದ ಹಿತ್ತಿಲಿನಲ್ಲಿ ಕಲ್ಲುರಾಶಿಯನ್ನೂ ಇಲಿಬಿಲಗಳನ್ನೂ ಉಳಿಸಿಕೊಂಡು ಆಳುಮಕ್ಕಳನ್ನು ಅಪಾಯಕ್ಕೆ ಒಡ್ಡುವುದು ಅಹಿಂಸೆಯಲ್ಲ, ಪ್ರಮಾದ.

ಮಳೆಗೆ ಮುನ್ನ ಸೌದೆಯನ್ನು ಗೋಡೆಯಿಂದ ದೂರವಿರಿಸಬೇಕು. ಚೆಲ್ಲಿದ ಕಾಳನ್ನು ಗುಡಿಸಿ ಇಲಿಗಳನ್ನು ದೂರವಿಡಬೇಕು. ಬಿರುಕುಗಳನ್ನು ಮುಚ್ಚುವ ಮುನ್ನ ಒಳಗೆ ಜೀವವಿದೆಯೇ ಎಂದು ನೋಡಬೇಕು. ರಾತ್ರಿ ದೀಪವಿಲ್ಲದೆ ನಡೆಯಬಾರದು. ನೆಲದ ಮೇಲೆ ಮಲಗುವವರಿಗೆ ಮಂಚವನ್ನೂ ಸೊಳ್ಳೆಪರದೆಯನ್ನೂ ಒದಗಿಸಬೇಕು. ಕಟ್ಟುಹಾವು ಹೆಚ್ಚಾಗಿ ಕಚ್ಚುವುದು ಮಲಗಿದವರನ್ನೇ. ಮನೆಯೊಳಗೆ ಬಂದ ಹಾವನ್ನು ಅನುಭವಿಗಳಿಂದ ಹಿಡಿಸಿ ಸಮೀಪದ ಯೋಗ್ಯ ತಾಣದಲ್ಲಿ ಬಿಡಿಸಬೇಕು. ಅಪರಿಚಿತ ದೂರದ ಕಾಡಿಗೆ ಒಯ್ದರೆ ಅದು ಬದುಕುವುದು ದುರ್ಲಭ. ಕಚ್ಚಿದಲ್ಲಿ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಆ ಅಂಗವನ್ನು ಅಲುಗಿಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ತಡವಿಲ್ಲದೆ ಸೇರಿಸಬೇಕು.

ಬಸದಿಗಳ ಆಡಳಿತ ಮಂಡಳಿಗಳು ಪ್ರಾಂಗಣದ ಹಾಳುಗಲ್ಲುಗಳ ವಿಷಯದಲ್ಲಿಯೂ ಇದೇ ಜಾಗರೂಕತೆ ವಹಿಸಲಿ. ಪಾರ್ಶ್ವಕುಮಾರನು ತಾಪಸನಿಗೆ ಹೇಳಿದ್ದು ಇಷ್ಟೇ: ಮೊದಲು ನೋಡು.