ಮೈಗ್ರೇನಿಗೆ ಮೆಗ್ನೀಸಿಯಂ, ಮುದ್ದೆಯ ಲೆಕ್ಕ: ಚಿನಕುರಳಿ ಸೀಮೆಗೆ ಅನ್ವಯಿಸಿ ಒಂದು ಟಿಪ್ಪಣಿ

1. ವ್ಯಾಪ್ತಿ

ತಲೆನೋವು ಬಾರದಂತೆ ತಡೆಯಲು ಅಥವಾ ಬಂದದ್ದನ್ನು ಇಳಿಸಲು ಹೊಟ್ಟೆಗೆ ತೆಗೆದುಕೊಳ್ಳುವ ‘ಸಹಜ’ ಪೂರಕಗಳಷ್ಟೇ ಈ ಟಿಪ್ಪಣಿಯ ವಸ್ತು. ಹಣೆಗೆ ಹಾಕುವ ಒಣಶುಂಠಿ ಪಟ್ಟು, ಮೂಗಿಗೆ ಬಿಡುವ ತುಂಬೆರಸ, 1893ರಿಂದ ಮಾರಾಟದಲ್ಲಿರುವ ಅಮೃತಾಂಜನ ಇವು ಬೇರೆ ವರ್ಗಕ್ಕೆ ಸೇರುತ್ತವೆ, ಇಲ್ಲಿ ಪರಿಗಣಿಸಿಲ್ಲ. ಪೂರಕಗಳ ಪರೀಕ್ಷೆಗಳಲ್ಲಿ ಬಳಸಿದ ಪ್ರಮಾಣ ಪಾಂಡವಪುರ ತಾಲ್ಲೂಕಿನ ಚಿನಕುರಳಿ ಸೀಮೆಯ ಊಟದಲ್ಲಿ ಎಷ್ಟರ ಮಟ್ಟಿಗೆ ದೊರೆಯಬಹುದು ಎಂಬುದೇ ಪ್ರಶ್ನೆ.

2. ಜನಸಂಖ್ಯಾ ಆಧಾರ

ಕರ್ನಾಟಕಕ್ಕೆ ಸಂಬಂಧಿಸಿದಂತೆ ಬಳಸಬಹುದಾದ ಮುಖ್ಯ ಸಮೀಕ್ಷೆ ಬೆಂಗಳೂರಿನ ನಿಮ್ಹಾನ್ಸ್‌ನದು. ಕ್ಷೇತ್ರಕಾರ್ಯ ನಡೆದದ್ದು 2009–10ರಲ್ಲಿ. ಇಲ್ಲಿ ಆಧರಿಸಿರುವ ವರದಿ 2015ರದು (ಕುಲಕರ್ಣಿ, ರಾವ್, ಗುರುರಾಜ್, ಸ್ಟೋವ್ನರ್, ಸ್ಟೈನರ್). 18ರಿಂದ 65 ವರ್ಷದ 2,329 ಜನರನ್ನು ಮಾತನಾಡಿಸಲಾಗಿದೆ. ವಯೋಮಾನಕ್ಕೆ ಸರಿಹೊಂದಿಸಿದ ಮೈಗ್ರೇನಿನ ವಾರ್ಷಿಕ ಪ್ರಮಾಣ ಶೇ. 25.2. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಆದರೆ ಆ ‘ಹಳ್ಳಿ’ ಬೆಂಗಳೂರಿನ ಆಸುಪಾಸಿನದು. ಅಂಕಿಯನ್ನು ಮಂಡ್ಯ ಜಿಲ್ಲೆಗೆ ಹಾಗೆಯೇ ಅನ್ವಯಿಸುವುದು ಅನುಮಾನವೇ ಹೊರತು ಮಾಪನವಲ್ಲ. ಹೆಚ್ಚೆಂದರೆ, ಈ ಸೀಮೆಯಲ್ಲಿ ಮೈಗ್ರೇನ್ ಅಪರೂಪವೆಂದು ಭಾವಿಸಲು ಕಾರಣವಿಲ್ಲ ಎನ್ನಬಹುದು.

3. ಮೆಗ್ನೀಸಿಯಂ: 1996ರ ಎರಡು ಪರೀಕ್ಷೆಗಳು

ಒಂದೇ ವರ್ಷ, ‘ಸೆಫಲಾಲ್ಜಿಯಾ’ ಎಂಬ ಒಂದೇ ಪತ್ರಿಕೆ, ಎರಡು ಜರ್ಮನ್ ತಂಡಗಳು, ವಿರುದ್ಧ ಫಲಿತಾಂಶ. ಪೈಕರ್ಟ್ ತಂಡ 81 ರೋಗಿಗಳಿಗೆ 12 ವಾರ ಟ್ರೈಮೆಗ್ನೀಸಿಯಂ ಡೈಸಿಟ್ರೇಟ್ ಅಥವಾ ಪ್ಲಾಸಿಬೊ ಕೊಟ್ಟಿತು. 9ರಿಂದ 12ನೇ ವಾರದಲ್ಲಿ ನೋವು ಬರುವ ಸರದಿ ಮೆಗ್ನೀಸಿಯಂ ಗುಂಪಿನಲ್ಲಿ ಶೇ. 41.6, ಪ್ಲಾಸಿಬೊ ಗುಂಪಿನಲ್ಲಿ ಶೇ. 15.8 ಇಳಿಯಿತು. ಪ್ಫಾಫೆನ್‌ರಾಟ್ ತಂಡ ಮೆಗ್ನೀಸಿಯಂ ಆಸ್ಪಾರ್ಟೇಟ್ ಬಳಸಿತು. 69 ಜನರ ಮಧ್ಯಂತರ ವಿಶ್ಲೇಷಣೆಯಲ್ಲಿ ಎರಡೂ ಗುಂಪುಗಳಲ್ಲಿ ತಲಾ 10 ಜನರಿಗೆ ಮಾತ್ರ ಗುಣ ಕಂಡಿತು. ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಲಾಯಿತು.

ಇವೆರಡನ್ನು ನೇರವಾಗಿ ಎದುರುಬದುರು ಇಡಲಾಗದು. ಲವಣ ಬೇರೆ. ಅಳೆದದ್ದೂ ಬೇರೆ: ಮೊದಲನೆಯದು ನೋವು ಎಷ್ಟು ಸಲ ಬಂತೆಂದು ಎಣಿಸಿತು, ಎರಡನೆಯದು ನೋವಿನ ಅವಧಿ ಅಥವಾ ತೀವ್ರತೆ ಅರ್ಧಕ್ಕೆ ಇಳಿಯಿತೇ ಎಂದು ನೋಡಿತು. ಪ್ರಮಾಣದ ಬಗ್ಗೆಯೂ ಒಂದು ಸಣ್ಣ ತಕರಾರಿದೆ. ಪೈಕರ್ಟ್ ಪರೀಕ್ಷೆಯದನ್ನು ‘600 ಮಿ.ಗ್ರಾಂ, 24 ಮಿಲಿಮೋಲ್’ ಎಂದು ಉಲ್ಲೇಖಿಸುವುದು ವಾಡಿಕೆ. 24 ಮಿಲಿಮೋಲ್ ಶುದ್ಧ ಮೆಗ್ನೀಸಿಯಂ ಎಂದರೆ 583 ಮಿ.ಗ್ರಾಂ, 600 ಎಂಬುದು ದುಂಡಾಗಿಸಿದ ಅಂಕಿ ಇರಬೇಕು. ಎರಡನೆಯ ಪರೀಕ್ಷೆಯ 20 ಮಿಲಿಮೋಲ್ 486 ಮಿ.ಗ್ರಾಂ ಆಗುತ್ತದೆ. ಫಲಿತಾಂಶದ ಅಂತರವನ್ನು ಈ 97 ಮಿ.ಗ್ರಾಂ ಒಂದೇ ವಿವರಿಸೀತು ಎನ್ನಲು ಆಧಾರ ಸಾಲದು. ಪೈಕರ್ಟ್ ಪರೀಕ್ಷೆಯಲ್ಲಿ ಮೆಗ್ನೀಸಿಯಂ ಪಡೆದವರ ಪೈಕಿ ಶೇ. 18.6 ಜನರಿಗೆ ಭೇದಿಯಾಯಿತು ಎಂಬುದನ್ನು ಉಲ್ಲೇಖಿಸುವವರು ಕಡಿಮೆ.

4. ರಾಗಿ ಮತ್ತು ಅಕ್ಕಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ 146 ಮಿ.ಗ್ರಾಂ ಮೆಗ್ನೀಸಿಯಂ, ಅದೇ ಸಂಸ್ಥೆಯ ಹಳೆಯ (ಗೋಪಾಲನ್) ಕೋಷ್ಟಕದಲ್ಲಿ 137. ಪಾಲಿಶ್ ಮಾಡಿದ ಅಕ್ಕಿಯಲ್ಲಿ, 2017ರ ಪ್ರಕಾರ, 19.3 ಮಾತ್ರ. ತಳಿ, ಮಣ್ಣು, ವಿಶ್ಲೇಷಣಾ ವಿಧಾನ ಇವುಗಳಿಂದ ಇಷ್ಟು ವ್ಯತ್ಯಾಸ ಸಹಜ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯೊಡನೆ ಸಂಕರಿಸಿ ರೂಪಿಸಿದ ಇಂಡಾಫ್ ತಳಿಗಳೂ ಹಳೆಯ ನಾಟಿ ರಾಗಿಯೂ ಒಂದೇ ಅಂಕಿ ಕೊಡಬೇಕೆಂದಿಲ್ಲ.

ಲೆಕ್ಕಕ್ಕಾಗಿ ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಎಂದಿಟ್ಟುಕೊಳ್ಳಲಾಗಿದೆ (ಇದು ಅಳೆದದ್ದಲ್ಲ, ಮನೆಯಿಂದ ಮನೆಗೆ ಮುದ್ದೆಯ ಗಾತ್ರ ಬದಲಾಗುತ್ತದೆ). ದಿನಕ್ಕೆ ಎರಡು ಮುದ್ದೆ ಉಂಡರೆ 292 ಮಿ.ಗ್ರಾಂ, ಅಷ್ಟೇ ತೂಕದ ಪಾಲಿಶ್ ಅಕ್ಕಿ ಉಂಡರೆ ಸುಮಾರು 39. ಪೈಕರ್ಟ್ ಪ್ರಮಾಣ ಮುಟ್ಟಲು 399 ಗ್ರಾಂ, ಎಂದರೆ ನಾಲ್ಕು ಮುದ್ದೆ, ಬೇಕು. ಗದ್ದೆ ಕೆಲಸದವರಿಗೆ ಇದು ಅಸಂಭವವೇನಲ್ಲ.

ಆದರೂ ‘ನಾಲ್ಕು ಮುದ್ದೆ ಪೂರಕಕ್ಕೆ ಸಮ’ ಎಂಬ ತೀರ್ಮಾನ ತಪ್ಪಾಗುತ್ತದೆ. ಪರೀಕ್ಷೆಯ ರೋಗಿಗಳು ಆ ಪ್ರಮಾಣವನ್ನು ತಮ್ಮ ನಿತ್ಯದ ಊಟದ ಮೇಲೆ ಹೆಚ್ಚುವರಿಯಾಗಿ ತೆಗೆದುಕೊಂಡವರು. ರಾಗಿಯ ಫೈಟೇಟ್ ಮೆಗ್ನೀಸಿಯಂ ಹೀರಿಕೆಯನ್ನು ಕುಗ್ಗಿಸುತ್ತದೆ. ಮೊಳಕೆ ಕಟ್ಟಿದರೆ, ಅಂಬಲಿಯಂತೆ ಹುಳಿ ಬರಿಸಿದರೆ ಆ ಅಡ್ಡಿ ಸ್ವಲ್ಪ ಇಳಿಯುತ್ತದೆ.

ಹಾಗಾಗಿ ಹೆಚ್ಚು ಉಪಯುಕ್ತವಾದ ಪ್ರಶ್ನೆ ಕೊರತೆಯದು. ನಾಗಮಂಗಲದ ಕಡೆ ಮಳೆಯಾಶ್ರಿತ ರಾಗಿ ಇಂದಿಗೂ ಇದೆ. ಕೃಷ್ಣರಾಜಸಾಗರದ ನಾಲೆ ನೀರು ಹರಿದ ಕಡೆ ಭತ್ತ, ಕಬ್ಬು ಬಂದವು. ಎರಡು ಮುದ್ದೆಯ ಜಾಗಕ್ಕೆ ಅಷ್ಟೇ ತೂಕದ ಪಾಲಿಶ್ ಅಕ್ಕಿ ಬಂದರೆ ದಿನಕ್ಕೆ ಸುಮಾರು 253 ಮಿ.ಗ್ರಾಂ ಕಡಿಮೆಯಾಗುತ್ತದೆ. 2020ರಲ್ಲಿ ಐಸಿಎಂಆರ್ ಗಂಡಸರಿಗೆ ಸೂಚಿಸಿದ 440 ಮಿ.ಗ್ರಾಂನಲ್ಲಿ ಇದು ಶೇ. 58, 2010ರ ಸೂಚನೆಯಾದ 340ನ್ನು ಹಿಡಿದರೆ ಶೇ. 74. ಕಾಳು, ಸೊಪ್ಪು ಒಂದಷ್ಟನ್ನು ತುಂಬಿಕೊಡುತ್ತವೆ. ಈ ಇಳಿಕೆಯೇ ತಲೆನೋವಿಗೆ ಕಾರಣವೆಂದು ಮೇಲಿನ ಲೆಕ್ಕದಿಂದ ಹೇಳಲಾಗದು.

5. ರೈಬೋಫ್ಲೇವಿನ್

ಶೋನೆನ್ ತಂಡದ 1998ರ ಪರೀಕ್ಷೆ: 55 ರೋಗಿಗಳು, ಮೂರು ತಿಂಗಳು, ದಿನಕ್ಕೆ 400 ಮಿ.ಗ್ರಾಂ. ಕನಿಷ್ಠ ಅರ್ಧದಷ್ಟು ಸುಧಾರಿಸಿದವರು ಶೇ. 59, ಪ್ಲಾಸಿಬೊದಲ್ಲಿ ಶೇ. 15. ಮಕ್ಕಳಿಗೆ 200 ಮಿ.ಗ್ರಾಂ ಕೊಟ್ಟ 2008ರ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ರಾಗಿಯಲ್ಲಿ ಇದು 100 ಗ್ರಾಂಗೆ 0.17 ಮಿ.ಗ್ರಾಂ. 400 ಮಿ.ಗ್ರಾಂಗೆ 235 ಕೆ.ಜಿ. ರಾಗಿ ಬೇಕು! ಬಿ ವಿಟಮಿನ್ ಎಂಬ ಹೆಸರಿದ್ದರೂ ಈ ಪ್ರಮಾಣದಲ್ಲಿ ಇದನ್ನು ಔಷಧವೆಂದೇ ಎಣಿಸುವುದು ಲೇಸು.

6. ಶುಂಠಿ

ಶುಂಠಿಯ ವಿಷಯದಲ್ಲಿ ತಡೆ ಮತ್ತು ಶಮನವನ್ನು ಬೇರೆಬೇರೆಯಾಗಿ ನೋಡಬೇಕು. ಇರಾನಿನ 2014ರ ಪರೀಕ್ಷೆಯಲ್ಲಿ (ಮಗ್ಬೂಲಿ, 100 ರೋಗಿಗಳು) 250 ಮಿ.ಗ್ರಾಂ ಶುಂಠಿ ಪುಡಿ ಎರಡು ಗಂಟೆಯಲ್ಲಿ 50 ಮಿ.ಗ್ರಾಂ ಸುಮಾಟ್ರಿಪ್ಟಾನ್‌ಗೆ ಹತ್ತಿರದ ಫಲ ಕೊಟ್ಟಿತು; ಆದರೆ ಅಲ್ಲಿ ಪ್ಲಾಸಿಬೊ ಗುಂಪಿರಲಿಲ್ಲ. ಬ್ರೆಜಿಲಿನ ಮಾರ್ಟಿನ್ಸ್ ತಂಡ ನೋವು ಬಂದಾಗ ಕೀಟೊಪ್ರೊಫೆನ್ ಜೊತೆಗೆ ಶುಂಠಿಸಾರ ಕೊಟ್ಟಾಗ ಪ್ರಯೋಜನ ಕಂಡಿತು. ಅದೇ ತಂಡ 107 ಜನರಿಗೆ ಮೂರು ತಿಂಗಳು ದಿನವೂ ಕೊಟ್ಟು ನೋಡಿದಾಗ ಫಲ ಪ್ಲಾಸಿಬೊಗಿಂತ ಮೇಲಾಗಿರಲಿಲ್ಲ (2020). ಚಮಚೆಯಷ್ಟು ಒಣಶುಂಠಿ ಪುಡಿ ಸುಮಾರು 2 ಗ್ರಾಂ ಇರುವುದರಿಂದ ಮನೆಯ ಕಷಾಯಕ್ಕೆ ಪ್ರಮಾಣ ಸಾಲದೆಂಬ ಆಕ್ಷೇಪ ನಿಲ್ಲದು. ಕುದಿಸಿದ ಕಷಾಯವೂ ನುಂಗಿದ ಪುಡಿಯೂ ಒಂದೇ ಎಂದೂ ಹೇಳಲಾಗದು.

7. ಉಲ್ಲೇಖದ ಇಸವಿ

ಪೂರಕಗಳ ಪರವಾಗಿ ಇಂದಿಗೂ ಉದ್ಧರಿಸುವ ಅಮೆರಿಕದ ನರರೋಗ ಅಕಾಡೆಮಿಯ ಮಾರ್ಗಸೂಚಿ 2012ರದು. ಅದರಲ್ಲಿ ಬಟರ್‌ಬರ್ ಗಿಡದ ಸಾರಕ್ಕೆ ಮೊದಲ ದರ್ಜೆ. ಮೆಗ್ನೀಸಿಯಂ, ರೈಬೋಫ್ಲೇವಿನ್, ಫೀವರ್‌ಫ್ಯೂಗೆ ಎರಡನೆಯದು. ಬಟರ್‌ಬರ್ ಯಕೃತ್ತಿಗೆ ಹಾನಿ ಮಾಡಬಹುದೆಂಬ ಕಳವಳದಿಂದ ಅಕಾಡೆಮಿ 2015ರಲ್ಲಿ ಆ ಮಾರ್ಗಸೂಚಿಯನ್ನೇ ಹಿಂತೆಗೆದುಕೊಂಡಿತು. ಮೂತ್ರಪಿಂಡ ಕುಂದಿದವರಲ್ಲಿ ಮೆಗ್ನೀಸಿಯಂ ರಕ್ತದಲ್ಲಿ ಶೇಖರವಾಗುತ್ತದೆ. ಅಂಥವರ ಮಟ್ಟಿಗೆ 3ನೇ ಭಾಗದ ಪ್ರಮಾಣಗಳು ಅನ್ವಯಿಸುವುದಿಲ್ಲ.