ಅನ್ನ ಕೊಟ್ಟ ನಾಟಕ ಕಂಪನಿ

ಕೊಲ್ಲಿ ನಮಗಷ್ಟೇ ಅಲ್ಲ, ಅಮೆರಿಕದ ಪಾಲೋ ಆಲ್ಟೋ ಊರಿಗೂ ಇದೆ. ಆ ಕೊಲ್ಲಿಯ ಇನ್ನೊಂದು ದಡದ ಓಕ್‌ಲ್ಯಾಂಡಿನಲ್ಲಿ 1987ರಲ್ಲಿ ಆಕ್ಸಿಸ್ ಎಂಬ ನೃತ್ಯ ತಂಡ ಹುಟ್ಟಿತು. ಗಾಲಿಕುರ್ಚಿಯಲ್ಲಿ ಕುಳಿತವರೂ ನಡೆಯಬಲ್ಲವರೂ ಅದರಲ್ಲಿ ಜೊತೆಯಾಗಿ ನರ್ತಿಸುತ್ತಾರೆ. ಕಲೆಯಿಂದ ಧೈರ್ಯ ತುಂಬುವ ಈ ಕೆಲಸವನ್ನು ನಮ್ಮ ಗದಗ ಅದಕ್ಕೂ ಎಷ್ಟೋ ಮೊದಲೇ ಮಾಡಿತ್ತು.

ಹುಟ್ಟಿನಿಂದಲೇ ಕಣ್ಣು ಕಾಣದ ಪಂಚಾಕ್ಷರ ಗವಾಯಿಗಳಿಗೆ (1892–1944) ಹಾನಗಲ್ಲ ಕುಮಾರಸ್ವಾಮಿಗಳು ಆಸರೆಯಾಗಿ ಸಂಗೀತ ಕಲಿಯಲು ದಾರಿ ಮಾಡಿಕೊಟ್ಟರು. ಗವಾಯಿಗಳು ಆ ವಿದ್ಯೆಯನ್ನು ಅಂಧರಿಗೂ ಬಡವರಿಗೂ ಧಾರೆಯೆರೆದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಬೆಳೆದದ್ದು ಹೀಗೆ. ಅವರ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳೂ (1914–2010) ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು. ಅವರು ನಾಟಕ ಬರೆದರು, ನಾಟಕ ಕಂಪನಿ ನಡೆಸಿದರು. ಅದರ ಗಳಿಕೆ ಆಶ್ರಮದ ಖರ್ಚಿಗೆ ಒದಗಿತು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ಒಮ್ಮೆ ಆಸರೆ ಪಡೆದವರೇ ಕಲೆಯಿಂದ ಇತರರಿಗೆ ಅನ್ನ ಹಾಕಿದರು. ಮೊದಲ ಸಂಬಳ ಊರಿಗೆ ಕಳಿಸಿದ ದಿನ ನಮಗೆ ಬಂದ ಧೈರ್ಯವೂ ಅಂಥದ್ದೇ ಅಲ್ಲವೇ? ಆಸ್ಪತ್ರೆಯಲ್ಲಿ ದಿನವೂ ಮಾತ್ರೆ ಎಣಿಸಿ ಕೊಡುವವನು ನಾನು; ಆ ಧೈರ್ಯ ನಮ್ಮ ಕಪಾಟಿನಲ್ಲಿ ಸಿಗುವುದಿಲ್ಲ.

ಮುಂದಿನ ರಾಜ್ಯೋತ್ಸವಕ್ಕೆ ಅಂಗವಿಕಲ ಬಂಧುಗಳನ್ನು ಕರೆದಾಗ ಶಾಲು ಹೊದಿಸಿ ಕಳಿಸುವುದು ಬೇಡ. ನಾಟಕದಲ್ಲಿ ಒಂದು ಪಾತ್ರ ಕೊಡೋಣ.